ಚಾವಡ್ಯಾಗ ಹೇಳದ ಒಡಪು

ಶಿವವ್ವ ಪಂಚಾಯ್ತಿ ಇಲೆಕ್ಷನ್ನಿಗಿ ನಿಂತಾಳ ಅನ್ನೂ ಸುದ್ದಿ ಹಬ್ಬಿದಾಗ ಊರ ಗಂಡಸರು ಮೊದಲ ಹೊಟ್ಟಿ ಹಿಡಕೊಂಡ ನಕ್ರು. ಆಮ್ಯಾಲ ಕೇಳಿದ್ರು, "ಯಾವ ಶಿವವ್ವ?" ಅಂತ. ಸತ್ತ ಸೋಮಪ್ಪನ ಹೇಣ್ತಿ ಅಂದಾಗ ಇನ್ನೊಮ್ಮಿ ನಕ್ರು.

ಆಕಿಗಿ ಪಂಚರ ಜಮಖಾನಿ ಮ್ಯಾಲ ಕುಂದ್ರೂ ಹುಚ್ಚ ಏನೂ ಇರಲಿಲ್ರಿ. ಆಕಿಗಿ ಬೇಕಾಗಿದ್ದು ಒಂದ ಬಯಲು, ಅಷ್ಟ.

ಕಲ್ಲೋಳಿ ಬಾಜೂಕ ಇರೂ ಸಣ್ಣ ಊರದು. ಎರಡನೇ ಜಾಗತಿಕ ಲಡಾಯಿಗಿ ಇನ್ನೂ ಒಂದೆರಡ ವರ್ಷ ಇತ್ತು. ಊರ ಹಿಂದ, ಕೆಳಗಿನ ಓಣಿ ಮುಗಿಯೂ ಕಡಿ, ಸುತ್ತಲೂ ಕಳ್ಳಿ ಬೇಲಿ ಬೆಳದ, ಊರಿಗೆಲ್ಲ ಸೇರಿದ ಒಂದ ಗಾಂವಠಾಣ ಜಾಗಾ. ಅದಕ್ಕ ಹೆಂಗಸರ ಬಯಲು ಅಂತಿದ್ರು. ನಸುಕಿನ್ಯಾಗ ಒಮ್ಮಿ, ಹೊತ್ತ ಮುಣಗೂ ಮುಂದ ಒಮ್ಮಿ ಹೆಂಗಸರು ತಂಬಗಿ ಹಿಡಕೊಂಡ ಅಲ್ಲಿಗಿ ಹೋಗೂದು. ಗಂಡಸರು ಆ ಕಡಿ ಮಾರಿ ಸುದ್ದಾ ತಿರುಗಸ್ತಿರಲಿಲ್ಲ. ಅತ್ತಿ ಮ್ಯಾಲಿನ ಸಿಟ್ಟ ಕಾರಕೊಳ್ಳೂದು ಅಲ್ಲೇ, ಬಸರಾದ ಸುದ್ದಿ ಮೊದಲ ಗೊತ್ತಾಗೂದು ಅಲ್ಲೇ, ಯಾರ ಗಂಡ ಯಾರ ಮನಿ ಮುಂದ ಯಾಕ ಸುಳದಾಡ್ತಾನ ಅನ್ನೂ ವಿಚಾರಣಿ ನಡೆಯೂದೂ ಅಲ್ಲೇ. ಬೇಲಿ ಒಳಗ ಕಾಲಿಟ್ರ ಸೆರಗ ತಲಿಯಿಂದ ಜಾರಿದ್ರೂ ಯಾರೂ ಬೈತಿರಲಿಲ್ಲ.

ಆ ಜಾಗಾದ ಮ್ಯಾಲ ರಾಚಪ್ಪನ ಕಣ್ಣ ಬಿತ್ತು. ರಾಚಪ್ಪ ಅಂದ್ರ ಹತ್ತಿ ಯಾಪಾರಿ, ಗೋಕಾಕ ಪ್ಯಾಟಿತನಕ ಹೆಸರಿದ್ದಾವ, ಕೆಳಗಿನ ಓಣಿ ಪಂಚನೂ ಅವನ. ಅವಗ ಅಲ್ಲಿ ಹತ್ತಿ ತುಂಬಾಕ ಒಂದ ವಖಾರಿ ಕಟ್ಟಬೇಕಾಗಿತ್ತು. ಜಾಗಾ ಪಂಚಾಯ್ತಿದು. ಪಂಚರು ಹೂಂ ಅಂದ್ರ ಮುಗೀತು. ಪಂಚರಾಗ ಉಹೂಂ ಅನ್ನವರ ಯಾರೂ ಇರಲಿಲ್ಲ, ಯಾಕಂದ್ರ ಪಂಚರ್ಯಾರೂ ತಂಬಗಿ ಹಿಡಕೊಂಡ ಆ ಬಯಲಿಗಿ ಹೋಗವರಲ್ಲ.

ಶಿವವ್ವ ಮೊದಲ ಅವನ ಮನಿಗೇ ಹೋಗಿ ಕೇಳಿದ್ಲು. "ರಾಚಪ್ಪಾರ, ಆ ಜಾಗಾ ನೀವ ತಗೊಂಡ್ರ ನಾವೆಲ್ಲಿಗಿ ಹೋಗೂದ್ರಿ?"

"ಊರ ಸುತ್ತ ಬಯಲಿಗೇನ ಬರಾ ಬಂದೈತೇನವ್ವಾ?" ಅಂದ ರಾಚಪ್ಪ, ಅಡಕಿ ಕತ್ತರಸ್ಕೋತ. ಒಳಗ ಅವನ ಹೇಣ್ತಿ ಪಾತ್ರಿ ತಿಕ್ಕೂ ಸಪ್ಪಳ ಗಪ್ಪನ ನಿಂತ್ತು. ಆಕಿನೂ ಅದ ಬಯಲಿಗಿ ಬರಾಕಿ. ಒಂದ ಗಳಗಿ ಬಿಟ್ಟ ತಿಕ್ಕೂ ಸಪ್ಪಳ ಮತ್ತ ಸುರು ಆತು.

ಅಮಾಸಿಗಿ ಗೋಕಾಕದಿಂದ ಶಿವವ್ವನ ತಮ್ಮ ಯಲ್ಲಪ್ಪ ಬಂದ. ಕೋರ್ಟಿನ್ಯಾಗ ಜವಾನಕಿ ಮಾಡೂ ಪಟೇವಾಲಾ ಅಂವ. ವಕೀಲರ ಮಾತ ಕೇಳಿ ಕೇಳಿ ತಾನೂ ಅರ್ಧಾ ವಕೀಲ ಆಗಿದ್ದ. "ಅಕ್ಕಾ, ಅಳಕೋತ ಯಾಕ ಕುಂತಿ? ಈಗ ಹೆಂಗಸರೂ ಮತಾ ಹಾಕಬೌದಂತ. ಹೊಲದ ಕಂದಾಯ ಪಟ್ಟಿ ಕಟ್ಟೂ ಹೆಂಗಸು ಪಂಚ ಆಗಾಕೂ ನಿಂದ್ರಬೌದಂತ. ಹೊಲಾ ನಿನ್ನ ಹೆಸರಿಲೆ ಐತಿ. ರಾಚಪ್ಪನ ಎದುರಿಗಿ ನಿಂದ್ರು!"

"ಹುಚ್ಚ ಹಿಡದೈತೇನೋ ನಿನಗ? ನನಗ ಯಾರ ಹಾಕ್ತಾರ?"

"ಓಣ್ಯಾಗ ಗಂಡಸರೆಷ್ಟ ಅದಾರೋ ಹೆಂಗಸರೂ ಅಷ್ಟ ಅದಾರ. ರಾಚಪ್ಪನ ಮ್ಯಾಲ ಸಿಟ್ಟಿದ್ದ ಗಂಡಸರ ಒಂದ ನಾಕ ಮಂದಿ ಈ ಕಡಿ ಬಂದ್ರೂ ಸಾಕ. ಬಯಲು ಯಾರಿಗಿ ಬೇಕ ಅನ್ನೂದ ಹೆಂಗಸರಿಗಿ ಯಾರ ಹೇಳಿಕೊಡಬೇಕ?"

ಅದೂ ಖರೆ ಅನಸ್ತು ಆಕಿಗಿ. ನಿಂತಬಿಟ್ಲು. ಹೆಂಗಸರು ಕೈಯಾಗ ಕೈ ಹಾಕಿ ವಚನಾ ಕೊಟ್ರು. ಬೇಲಿ ಒಳಗ ಕುಂತಲ್ಲೇ ಪ್ರಚಾರ ಮುಗದ ಹೋತು, ನೋಡ್ರಿ. ಒಂದ ಪೈಸಾ ಖರ್ಚಿಲ್ಲ.

ಆದ್ರ ಯಲ್ಲಪ್ಪ ಹೋಗೂ ಮುಂದ ಒಂದ ಮಾತ ಹೇಳಿದ್ದ. ಗೋಕಾಕ ಕಚೇರಿಯಿಂದ ಕಾರಕೂನ ಬಂದ ಚಾವಡ್ಯಾಗ ಕುಂದ್ರತಾನ. ಒಬ್ಬೊಬ್ಬರ ಹೋಗಿ ಬಾಯಿ ಬಿಟ್ಟ ಹೇಳಬೇಕ: ತನ್ನ ಹೆಸರು, ಗಂಡಸರಾದ್ರ ಅಪ್ಪನ ಹೆಸರು, ಲಗ್ನಾದ ಹೆಂಗಸರಾದ್ರ ಗಂಡನ ಹೆಸರು, ಆಮ್ಯಾಲ ಮತಾ ಯಾರಿಗಿ ಅಂತ.

ಇದನ್ನ ಕೇಳಿದ ಕೂಡಲೇ ಹೆಂಗಸರ ಮಾರಿ ಸಣ್ಣ ಆದುವು. ಗಂಡನ ಹೆಸರ! ಬಾಯಿಲೆ! ಹೇಣ್ತಿ ಗಂಡನ ಹೆಸರ ಹಿಡದ ಕರದ್ರ ಅವನ ಆಯುಷ್ಯ ಕಡಿಮಿ ಆಗ್ತೈತಿ ಅನ್ನೂದ ಮಲಿಹಾಲಿನ ಜೋಡಿನ ಕುಡದ ಬಂದವರವರು.

"ನಮ್ಮಪ್ಪನ ಹೆಸರ ಹೇಳಿದ್ರ ನಡೆಯಂಗಿಲ್ಲೇನು?" ಅಂದ್ಲು ಮರೆವ್ವ. ಮರೆವ್ವ ಶಿವವ್ವನ ವಾರಿಗಿ ಗೆಳತಿ, ಮೊಮ್ಮಕ್ಕಳನ್ನ ಕಂಡಾಕಿ.

"ನಿಮ್ಮಪ್ಪನ ಮನಿ ಹತ್ತರಗಿ ಊರಾಗ ಐತಿ. ಅಲ್ಲೇ ಹೋಗಿ ಹಾಕ ನಿನ್ನ ಮತಾ," ಅಂದ್ಲು ಲಕ್ಕವ್ವ. ಲಕ್ಕವ್ವ ಪರಪ್ಪಗೌಡನ ಸಣ್ಣ ಸೊಸಿ, ಓಣ್ಯಾಗ ಆಕಿ ಬಾಯಿ ಮುಂದ ಯಾರೂ ನಿಂದ್ರತಿರಲಿಲ್ಲ.

ಶಿವವ್ವ ಹತ್ತಿ ಬಿಡಸ್ಕೋತ ವಿಚಾರ ಮಾಡಿದ್ಲು. ಮಾಡ್ತ ಮಾಡ್ತ ಒಮ್ಮೆಲೆ ಕೈಯಾನ ಹತ್ತಿ ಬುಟ್ಟಿಗಿ ಒಗದ ನಕ್ಲು. "ಒಡಪ ಹಾಕೂನು!"

ಲಗ್ನದಾಗ, ಬಸರಿ ಹೆಂಗಸಿನ ಕುಬಸದಾಗ ಹೆಂಗಸರ ಗಂಡನ ಹೆಸರ ಒಡಪಿನ್ಯಾಗ ಸೇರಿಸಿ ಹೇಳ್ತಾರಲ್ಲ? ಹಾಡಿನಂಗ ಕಟ್ಟಿ ಹೇಳಿದ್ರ ದೋಷ ಇಲ್ಲ. ದೇವರೂ ಸುಮ್ಮನಿರ್ತಾನ, ಗಂಡನೂ ಗಟ್ಟಿ ಇರ್ತಾನ.

"ಚಾವಡ್ಯಾಗ ಏನ ಕುಬಸ ಐತೇನ?" ಅಂತ ಮರೆವ್ವ ನಕ್ಲು. ಆದ್ರ ಅವತ್ತಿನಿಂದ ಹೊಲದಾಗೆಲ್ಲ ಒಡಪ ಸುರು ಆದುವು. ಹತ್ತಿ ಬಿಡಸ್ಕೋತ ಒಂದ ಸಾಲಿನಾಕಿ ಅಂದ್ರ ಇನ್ನೊಂದ ಸಾಲಿನಾಕಿ ಅಂತಿದ್ಲು. ಮರೆವ್ವ ಕಟ್ಟಿದ್ದ ಹಿಂಗಿತ್ತು:

"ಗೋಕಾಕದ ಕರದಂಟ ಹಲ್ಲಿಗಿ ಅಂಟ,
ಅಣ್ಣಪ್ಪನವರ ಸಿಟ್ಟಿಗಿ ನನ್ನ ಜೋಡಿ ಗಂಟ."

ಲಕ್ಕವ್ವಂದಂತೂ ಕೇಳಿದವರು ಸಾಲಿನ್ಯಾಗ ಬಿದ್ದ ಹೊಳ್ಳಾಡಿ ನಕ್ರು:

"ಬಿಸಿ ರೊಟ್ಟಿ ಮ್ಯಾಲ ಬೆಣ್ಣಿ ಮುದ್ದಿ,
ಸತ್ತೆಪ್ಪನವರು ಮನ್ಯಾಗಿದ್ರ ನನಗಿಲ್ಲ ನಿದ್ದಿ."

"ಏ, ಅದನ್ನ ಕಾರಕೂನನ ಮುಂದ ಹೇಳ್ತಿಯೇನ? ನಾಚಿಕಿಗೇಡಿ!"

"ಕಾರಕೂನಗೂ ಹೇಣ್ತಿ ಇರಬೇಕಲ್ಲ ಎವ್ವಾ, ತಿಳಕೋತಾನ."

ಶಿವವ್ವ ಅವರ ಜೋಡಿ ನಕ್ಲು. ತಾ ಮಾತ್ರ ಒಡಪ ಕಟ್ಟಲಿಲ್ಲ. ವಿಧವಿ ಒಡಪ ಹೇಳಂಗಿಲ್ಲ. ಆಕಿ ಪಾಳೆ ಬಂದಾಗ ಏನ ಮಾಡೂದ ಅಂತ ಯಾರೂ ಕೇಳಲಿಲ್ಲ, ಆಕಿನೂ ವಿಚಾರ ಮಾಡಲಿಲ್ಲ.

ಇಲೆಕ್ಷನ್ನಿನ ದಿನಾ ಮುಂಜಾನಿ ಹೆಂಗಸರೆಲ್ಲ ಜಳಕಾ ಮಾಡಿ, ಇಳಕಲ್ ಸೀರಿ ಉಟಗೊಂಡ, ಜಾತ್ರಿಗಿ ಹೊಂಟವರಂಗ ಗುಂಪ ಕಟಗೊಂಡ ಚಾವಡಿಗಿ ಬಂದ್ರು. ಬಂದವರ ಅಲ್ಲೇ ನಿಂತ್ರು.

ಚಾವಡಿ ಕಟ್ಟಿ ಮ್ಯಾಲ ಊರ ಹಿರ್ಯಾರೆಲ್ಲ ಸಾಲಾಗಿ ಕುಂತಿದ್ರು. ರಾಚಪ್ಪ ನಸುಕಿನ್ಯಾಗ ಮನಿ ಮನಿಗಿ ಹೋಗಿ, ಕೈ ಮುಗದ ಕರಕೊಂಡ ಬಂದಿದ್ದ. "ನೀವ ಹಿರ್ಯಾರ ಇದ್ರ ಕೆಲಸಕ್ಕ ಶೋಭಾ" ಅಂತ. ಎಲಿ ಅಡಕಿ ತಾಟ ನಡುವ ಇತ್ತು. ಯಾರನ್ನ ನೋಡಿದ್ರೂ ಒಬ್ಬೊಬ್ಬಾಕಿ ಮಾವ, ಭಾವ, ಚಿಗಪ್ಪಮಾವ. ಲಕ್ಕವ್ವನ ಮಾವ ಪರಪ್ಪಗೌಡ ಕಾರಕೂನನ ಮಗ್ಗಲಿಗೇ ಕುಂತಿದ್ದ.

ಒಡಪಂದ್ರ ಹೆಂಗಸರ ನಡುವ ಹೇಳೂದು. ಮಾವನ ಮುಂದ ಗಂಡನ ಹೆಸರ? ಹಾಡಿನ್ಯಾಗ ಕಟ್ರಿ, ಬಂಗಾರದಾಗ ಕಟ್ರಿ, ಮಾವನ ಮುಂದ ಅದು ಹೆಸರ ಹೌದು.

ಮೊದಲ ಗಂಡಸರ ಹೋದ್ರು. ಟಕ್ ಟಕ್ ಅಂತ ಹೆಸರ ಹೇಳಿ, ಎಲಿ ಹಾಕ್ಕೊಂಡ ಇಳದ್ರು. ನಾಕೈದ ಮಂದಿ ರಾಚಪ್ಪನ ಮಾರಿ ನೋಡದ "ಶಿವವ್ವ" ಅಂದ್ರು. ಶಿವವ್ವನ ಎದಿ ಹಗುರಾತು. ಇನ್ನ ನಮ್ಮವರ ಪಾಳೆ.

ಲಕ್ಕವ್ವ ಮುಂದ ಹೋದ್ಲು. ಕಣ್ಣಮಟ ಸೆರಗ ಎಳಕೊಂಡಿದ್ಲು.

"ಹೆಸರು?" ಅಂದ ಕಾರಕೂನ.

"ಲಕ್ಕವ್ವ."

"ಗಂಡನ ಹೆಸರು?"

ಲಕ್ಕವ್ವ ಸೆರಗ ಇನ್ನಷ್ಟ ಎಳಕೊಂಡ್ಲು. "ಬಿಸಿ ರೊಟ್ಟಿ ಮ್ಯಾಲ... ಬೆಣ್ಣಿ ಮುದ್ದಿ..."

ಅಷ್ಟಂದಾಕಿ ಸೆರಗಿನ ಸಂದಿಲೆ ಪರಪ್ಪಗೌಡನ ಕಾಲ ನೋಡಿದ್ಲು. ಕಾಲಷ್ಟ. ನಾಲಗಿ ಅಲ್ಲೇ ನಿಂತಬಿಡ್ತು.

ಕೆಳಗ ನಿಂತಿದ್ದ ಗಂಡಸರಾಗ ಒಬ್ಬಾಂವ ಕೂಗಿದ, "ಮುಂದ ಹೇಳ ತಂಗಿ, ಬೆಣ್ಣಿ ಕರಗಾಕತ್ತೈತಿ!" ಇಡೀ ಚಾವಡಿ ನಕ್ಕಬಿಡ್ತು. ಪರಪ್ಪಗೌಡ ನಗಲಿಲ್ಲ. ಕೆಮ್ಮಿದ. ಆ ಒಂದ ಕೆಮ್ಮಿಗಿ ಓಣ್ಯಾಗ ಯಾರಿಗೂ ಅಂಜದ ಲಕ್ಕವ್ವ ಗಿರಕ್ಕನ ತಿರುಗಿ ಇಳದ ಬಂದ್ಲು.

ಶಿವವ್ವ ಓಡಿ ಹೋದ್ಲು. "ಸಾಹೇಬ್ರ, ಆಕಿ ಗಂಡನ ಹೆಸರ ನಾ ಹೇಳ್ತೇನ್ರಿ. ಊರಿಗೆಲ್ಲ ಗೊತ್ತೈತ್ರಿ."

"ಮತಾ ಹಾಕವರ ಬಾಯಿಲೇ ಬರಬೇಕವ್ವಾ." ಕಾರಕೂನ ಕೆಟ್ಟವನಲ್ಲ. ದನಿ ಇಳಿಸಿ ಅಂದ, "ನಮ್ಮ ಮನ್ಯಾಗೂ ನನ್ನ ಹೆಸರ ಹೇಳಂಗಿಲ್ಲ. ನಾ ಏನ ಮಾಡ್ಲಿ? ಕಾಯ್ದೆ ಹಂಗೈತಿ."

ಆಕಿ ಪರಪ್ಪಗೌಡನ ಕಡಿ ಹೊಳ್ಳಿದ್ಲು. "ಕಾಕಾ, ನಿಮ್ಮ ಕಾಲ ಬೀಳ್ತೇನ್ರಿ. ಒಂದ ಗಳಗಿ ಆ ಕಡಿ ನಡೀರಿ."

"ನಾ ಏನ ಬ್ಯಾಡಂದೇನೇನ ಶಿವವ್ವಾ? ಹೇಳ್ಲಿ ಬೇಕಾದ್ರ. ಊರ ಚಾವಡಿ. ಕುಂತೇನಿ."

"ಯಾರೂ ಯಾರನ್ನೂ ತಡದಿಲ್ರಿ ಸಾಹೇಬ್ರ," ಅಂದ ರಾಚಪ್ಪ. ಅದೂ ಖರೆನ. ಯಾರೂ ಒಂದ ಕೈ ಅಡ್ಡ ಹಿಡದಿರಲಿಲ್ಲ. ಹಿಡದಿದ್ರ ಆಕಿ ಆ ಕೈಯರ ಸರಿಸಿ ಒಗೀತಿದ್ಲು.

ಮರೆವ್ವ ಹೋಗಿ ಅಪ್ಪನ ಹೆಸರ ಹೇಳಿ ನೋಡಿದ್ಲು. ಕಾರಕೂನ ಗೋಣ ಅಲ್ಲಾಡಿಸಿದ. ಇನ್ನೊಬ್ಬಾಕಿ ಮಗನ ಹೆಸರ ಹೇಳಿದ್ಲು. ಮತ್ತೊಬ್ಬಾಕಿ "ಅವರ... ಅಲ್ಲಿ ನಿಂತಾರ ನೋಡ್ರಿ, ಕೆಂಪ ರುಮಾಲಿನವರು" ಅಂತ ಬೆರಳ ತೋರಿಸಿದ್ಲು. ಗಂಡಸರಿಗಿ ಬಯಲಾಟ ನೋಡಿದಂಗ ಆಗಿತ್ತು. ಒಬ್ಬೊಬ್ಬಾಕಿ ಹತ್ತೂದು, ನಿಂದ್ರೂದು, ಇಳದ ಬರೂದು.

ಶಿವವ್ವ ಇಳದ ಬಂದವರನ್ನೆಲ್ಲ ನೋಡಿದ್ಲು. ಒಬ್ಬಾಕಿ ಹೇಳಿದ್ರ ಸಾಕ, ಉಳದವರಿಗಿ ಧೈರ್ಯಾ ಬರ್ತೈತಿ. ಒಂದ ಹೆಸರ ಬಾಯಿಂದ ಬಿದ್ರ ಆಕಾಶ ಏನ ಕಳಚಿ ಬೀಳಂಗಿಲ್ಲ ಅಂತ ಯಾರರ ತೋರಸಬೇಕ. ಆಕಿ ತಾನ ಕಟ್ಟಿ ಹತ್ತಿದ್ಲು. ಸೆರಗ ಹಿಂದ ಸರಿಸಿದ್ಲು. ಈಬತ್ತಿ ಹಚ್ಚಿದ ಖಾಲಿ ಹಣಿ ಎಲ್ಲಾರಿಗೂ ಕಾಣ್ತು.

"ಬರಕೋರಿ. ನನ್ನ ಹೆಸರ ಶಿವವ್ವ. ನನ್ನ ಗಂಡ ಸೋಮಪ್ಪ." ಹೆಂಗಸರ ಕಡಿ ತಿರುಗಿ ಇನ್ನೊಮ್ಮಿ, ಗಟ್ಟ್ಯಾಗಿ: "ಸೋಮಪ್ಪ! ಕೇಳಿದ್ರೆಲ್ಲ? ಹೇಳಿದ್ನಿ. ಏನಾತ ನನಗ? ಏನ ಆಗಂಗಿಲ್ರೇ, ಬರ್ರಿ!"

ನಗಿ ನಿಂತ್ತು.

ಮರೆವ್ವನ ಕೈ ತಾನ ತನ್ನ ತಾಳಿಗಿ ಹೋತು. ಶಿವವ್ವ ಅದನ್ನ ನೋಡಿದ್ಲು. ಬಾಜೂಕಿನಾಕಿ ಕೈನೂ ತಾಳಿಗಿ ಹೋತು. ಅದರ ಹಿಂದಿನಾಕಿದೂ. ಗುಂಪ ಒಂದ ಹೆಜ್ಜಿ ಹಿಂದ ಸರೀತು, ಹಾವ ಕಂಡವರಂಗ.

"ನಿನಗೇನ ಎವ್ವಾ," ಅಂದ್ಲು ಲಕ್ಕವ್ವ, ಸಣ್ಣ ದನಿಲೆ, ಕಣ್ಣ ತುಂಬ ನೀರ ತಗೊಂಡ. "ನಿನಗ ಇನ್ನ ಅಂಜೂದ ಏನ ಉಳದೈತಿ?"

ಆಗ ಹೊಳೀತ ಆಕಿಗಿ. ಧೈರ್ಯಾ ತೋರಸಾಕ ಹೋಗಿ ತಾ ಏನ ತೋರಿಸಿದ್ನಿ ಅಂತ. ಗಂಡನ ಹೆಸರ ಬಾಯ್ತುಂಬ ಹೇಳಾಕಿ ಹೆಂಗ ಕಾಣ್ತಾಳ? ಬರೇ ಹಣಿ, ಬರೇ ಕೊಳ್ಳ, ಬರೇ ಕೈ. ಎಲ್ಲಾರ ಮನ್ಯಾಗಿನ ಅಂಜಿಕಿಗಿ ತಾನ ಕಾಲ ಬಂದಂಗ ಚಾವಡಿ ಮ್ಯಾಲ ನಿಂತಿದ್ಲು. ಅಂದ ಮಾತ ವಾಪಸ್ ನುಂಗಾಕ ಬರ್ತಿದ್ರ ನುಂಗತಿದ್ಲು. ಅವರನ್ನ ಹಿಡದ ನಿಂದ್ರಸಾಕ ಒಂದ ಹೆಜ್ಜಿ ಮುಂದ ಇಟ್ಲು.

ಒಲಿ ಮ್ಯಾಲ ಅನ್ನಾ ಇಟ್ಟ ಬಂದೇನಿ ಅಂದ್ಲು ಒಬ್ಬಾಕಿ. ಕೂಸ ಅಳಾಕತ್ತೈತಿ ಅಂದ್ಲು ಇನ್ನೊಬ್ಬಾಕಿ. ಹಂಗ ಅನಕೋತ ಸೀರಿ ಬಣ್ಣೆಲ್ಲ ಓಣ್ಯಾಗ ಕರಗಿ ಹೋದುವು.

"ಮತಾ ಯಾರಿಗವ್ವಾ?" ಅಂತ ಕಾರಕೂನ ಮೆಲ್ಲಕ ಕೇಳಿದ.

"ಶಿವವ್ವಗ," ಅಂದ್ಲು ಶಿವವ್ವ.

ರಾಚಪ್ಪ ಆರಿಸಿ ಬಂದ. ಗುಲಾಲ ಮೆತ್ತಿದ ಮಾರಿಲೆ ಆಕಿ ಮನಿ ಮುಂದ ನಿಂತ ಕೈ ಮುಗದ. "ಅವ್ವಾರ, ಹೆಂಗಸರದೇನರ ಅಡಚಣಿ ಇದ್ರ ನನಗ ಬಂದ ಹೇಳ್ರಿ. ನಾ ಅದೇನಿ." ಅಂವ ಅದನ್ನ ಚ್ಯಾಷ್ಟಿ ಮಾಡಾಕ ಅಂದಿರಲಿಲ್ಲ. ಮನಸಿನಿಂದನ ಅಂದಿದ್ದ.

ಕಳ್ಳಿ ಕಡದ್ರು. ಕಲ್ಲ ಬಂದ ಬಿದ್ದುವು. ಗ್ವಾಡಿ ಎದ್ದುವು. ಹೆಂಗಸರ್ಯಾರೂ ಶಿವವ್ವನ ಮ್ಯಾಲ ಸಿಟ್ಟ ಮಾಡಲಿಲ್ಲ. ಬರೇ ಬಂದ ಆಕಿ ಕಟ್ಟಿ ಮ್ಯಾಲ ಕುಂತ, ಆಕಿ ಮಾರಿ ನೋಡಿ, "ಇನ್ನ ಎಲ್ಲಿಗಿ ಹೋಗೂನ ಅಕ್ಕಾ?" ಅಂತಿದ್ರು. ಗೆದ್ದಾಕಿನ್ನ ಕೇಳಿದಂಗ ಕೇಳ್ತಿದ್ರು.

ಹೋಗೂದ ಎಲ್ಲಿಗಿ? ಊರ ಸುತ್ತೆಲ್ಲ ಮಂದಿ ಬಿತ್ತಿದ ಹೊಲಾ. ಗೋಕಾಕ ರಸ್ತಾದ ದಂಡಿಗಿ. ಅಲ್ಲಿ ಮರೀಗಿ ಬೇಲಿ ಇಲ್ಲ, ಗಿಡಾ ಇಲ್ಲ. ನಸುಕಿನ್ಯಾಗ ಸಾಲಾಗಿ ಕುಂದ್ರೂದು, ಬಂಡಿ ಸಪ್ಪಳ ಕೇಳಿದ ಕೂಡಲೇ ಎದ್ದ, ರಸ್ತಾಕ್ಕ ಬೆನ್ನ ಮಾಡಿ, ಮಾರಿ ಮುಚಗೊಂಡ ನಿಂದ್ರೂದು. ಬಂಡಿ ದಾಟಿದ ಮ್ಯಾಲ ಮತ್ತ ಕುಂದ್ರೂದು.

ಮರುವರ್ಷದ ಹತ್ತಿ ಸುಗ್ಗಿ ಬಂತು. ಒಂದ ನಸುಕಿನ್ಯಾಗ ದೂರಿಂದ ಗೆಜ್ಜಿ ಸಪ್ಪಳ ಕೇಳ್ತು. ಎಲ್ಲಾರೂ ಎದ್ದ ನಿಂತ್ರು. ರಾಚಪ್ಪನ ವಖಾರಿಗಿ ಹೊಂಟ ಬಂಡಿಗೋಳು, ಒಂದರ ಹಿಂದ ಒಂದು. ಬಸರಿದ್ದ ಲಕ್ಕವ್ವಗ ತಡಕೊಳ್ಳಾಕ ಆಗವಲ್ದಾಗಿತ್ತು. ಶಿವವ್ವನ ರೆಟ್ಟಿ ಗಟ್ಟ್ಯಾಗಿ ಹಿಡಕೊಂಡ, ಹಲ್ಲ ಕಚ್ಚಿ ಕೇಳಿದ್ಲು, "ಮುಗದುವೇನ ಎವ್ವಾ?"

ಶಿವವ್ವ ಸೆರಗಿನ ಸಂದಿಲೆ ಹೊಳ್ಳಿ ನೋಡಿದ್ಲು. ಕಲ್ಲೋಳಿ ಕಡಿ ತಿರುವಿನತನಕ ಬೆಳ್ಳಗ ಹತ್ತಿ ಬಂಡಿನ ಬಂಡಿ.

"ಇನ್ನೊಂದ ಸ್ವಲ್ಪ ನಿಂದ್ರು," ಅಂದ್ಲು.