ಬಾವಿ ಮುಚ್ಚಿದ ಊರಿನ ಬಾಣಂತಿ

“ಬೋರಿಂಗಿನ ಪೈಪಿಗಿ ಅರಿಷಿಣ ಹಚ್ಚಿ ಕೈ ಮುಗೀಬೇಕೇನು? ಅದರಾಗ ಗಂಗವ್ವನ ಮುಖ ಕಾಣ್ತದೇನು ನಿನಗ?”

ಅತ್ತೆ ಬಸ್ಸಮ್ಮ ಹೀಗೆ ಕೇಳಿದಾಗ ಮೌನಮ್ಮ ಹೊರಸಿನ ಮೇಲೆ ಎದ್ದು ಕುಳಿತಳು. ಕಿವಿಗೆ ಅರಳೆ, ತಲೆಗೆ ಬಿಗಿದು ಕಟ್ಟಿದ ರುಮಾಲು, ಹೊರಸಿನ ಕೆಳಗೆ ಕೆಂಡದ ಕುಂಡ. ಹೊರಗೆ ಶಹಾಪುರದ ಸೀಮೆಯ ಮೇ ತಿಂಗಳ ಬಿಸಿಲು, ಒಳಗೆ ಬಾಣಂತಿಯ ಶಾಖ. ನರಕಕ್ಕೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ತಾಲೀಮು ಇರಲಾರದು. ಗೋಡೆಯ ಪಕ್ಕದ ತೊಟ್ಟಿಲಲ್ಲಿ ಹೆಣ್ಣುಕೂಸು ಬೆವರಿ ಮಲಗಿತ್ತು.

ಶುಕ್ರವಾರ ಅವಳು ಹೈದರಾಬಾದಿನಲ್ಲಿರಬೇಕಿತ್ತು. ಆರು ವರ್ಷ ದುಡಿದು ಬರೆದ ಗಣಿತದ ಸಂಶೋಧನೆಯ ಕೊನೆಯ ಮೌಖಿಕ ಪರೀಕ್ಷೆ ಅಂದು. ಮಾರ್ಗದರ್ಶಕರು ತಿಂಗಳ ಕೊನೆಗೆ ನಿವೃತ್ತರಾಗುವವರು. ಪುಣೆಯಿಂದ ಬರುವ ಪರೀಕ್ಷಕರನ್ನು ಬೇಡಿಕೊಂಡು ಒಪ್ಪಿಸಿದ್ದರು. ಈ ಶುಕ್ರವಾರ ತಪ್ಪಿದರೆ ಹೊಸ ಮಾರ್ಗದರ್ಶಕ, ಹೊಸ ಅರ್ಜಿ, ಮತ್ತೆ ಯಾವ ಕಾಲಕ್ಕೋ. ಶಹಾಪುರದ ಎಸ್‌ಟಿಡಿ ಬೂತಿನಲ್ಲಿ ಈ ಸುದ್ದಿ ಕೇಳಿಕೊಂಡು ಬಂದ ಗಂಡ ಅಮಾತೆಪ್ಪ ಅದನ್ನು ಹೆಂಡತಿಗೂ ಹೇಳಿದ, ತಾಯಿಗೂ ಹೇಳಿದ, ಇಬ್ಬರ ಮಾತಿಗೂ ಹೌದೆಂದ. ಹೈಸ್ಕೂಲು ಮಾಸ್ತರನಾಗಿದ್ದ ಅವನಿಗೆ ಹೌದು ಎನ್ನುವುದು ಬಿಟ್ಟು ಬೇರೆ ಉತ್ತರ ಬರುತ್ತಿರಲಿಲ್ಲ.

ತಕರಾರು ಇದ್ದದ್ದು ಹೊಸ್ತಿಲಿನದು. ಹೆತ್ತವಳು ಗಂಗೆ ಪೂಜೆ ಮಾಡಿ, ನೀರಿನಲ್ಲಿ ಮುಖ ನೋಡಿಕೊಂಡು, ಕೊಡ ತುಂಬಿ ತರುವ ತನಕ, ಊರ ಗಡಿಯೊಳಗೆ ಆ ನೀರಿಗೆ ಹೋಗುವುದೊಂದು ಬಿಟ್ಟು ಬೇರಾವುದಕ್ಕೂ ಹೊಸ್ತಿಲು ದಾಟುವಂತಿಲ್ಲ. ಇದು ಹಿಂದಿನಿಂದ ಬಂದದ್ದು. ಹಿಂದೆ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ, ಮನೆಮನೆಗೆ ಬಾವಿಯಿತ್ತು. ಆಮೇಲೆ ಕಾಲುವೆ ಬಂತು. ಕೃಷ್ಣೆಯೇ ಹೊಲದ ಬದುವಿಗೆ ಬಂದು ನಿಂತಾಗ ಬಾವಿ ಯಾರಿಗೆ ಬೇಕು? ಕುರಿ ಮಾರಿ ಭತ್ತಕ್ಕೆ ಇಳಿದ ಮಾವ ಖಂಡಪ್ಪನೇ ಮೊದಲು ಹಿತ್ತಲ ಬಾವಿಗೆ ಕಲ್ಲುಮಣ್ಣು ತುಂಬಿಸಿ ಭತ್ತದ ಸಸಿಮಡಿ ಮಾಡಿದ. ಅವನನ್ನು ನೋಡಿ ಊರೇ ಮುಚ್ಚಿತು. ಮಳೆಗಾಲದಲ್ಲಿ ಹೆತ್ತವರು ಕಾಲುವೆಗೆ ಹೋಗಿ ಪೂಜೆ ಮಾಡಿ ಬರುತ್ತಿದ್ದರು. ಬೇಸಿಗೆಯಲ್ಲಿ ಗೇಟು ಇಳಿಸಿದರೆ ಕಾಲುವೆಯ ತಳ ಬಿರಿದು, ಹುಡುಗರು ಅಲ್ಲಿ ಚೆಂಡಾಡುತ್ತಿದ್ದರು. ಹಾಗಾಗಿ ಬೇಸಿಗೆಯ ಬಾಣಂತಿಯರು ನೀರು ಬಿಡುವ ತನಕ ಒಳಗೇ ಇರುವುದು ಊರಿಗೆ ರೂಢಿಯಾಗಿಬಿಟ್ಟಿತ್ತು. ನಮ್ಮೂರ ಹೆಂಗಸರು ಯಾವಾಗ ಮನೆಯಿಂದ ಹೊರಬರಬೇಕೆಂದು ತೀರ್ಮಾನಿಸುವವನು ತಾನೇ ಎಂಬುದು ಗೇಟಿನ ಇಂಜಿನಿಯರನಿಗೆ ಕೊನೆಯ ತನಕ ಗೊತ್ತಾಗಲಿಲ್ಲ.

“ತಿಂಥಣಿಗಿ ಹೋಗಿ ಹೊಳಿ ನೀರು ಡಬ್ಬ್ಯಾಗ ತರ್ತೀನವ್ವ,” ಎಂದ ಅಮಾತೆಪ್ಪ.

“ಗಂಗಿ ಇದ್ದಲ್ಲಿಗಿ ನಾವು ಹೋಗಬೇಕು. ಆಕಿನ್ನ ಸೀಮೆಎಣ್ಣಿ ಡಬ್ಬ್ಯಾಗ ಎಳಕೊಂಡು ಬರ್ತಾರೇನೋ?”

“ಹಂಗಾರ ಮೌನಮ್ಮನ್ನೇ ಹೊಳಿಗಿ ಕರಕೊಂಡು ಹೋಗೂಣು.”

“ಪೂಜಿ ಆಗೂ ತನ ಊರ ಗಡಿ ದಾಟಬಾರದು, ಹೊಳಿಗಿ ಹ್ಯಾಂಗ ಹೋಗ್ತಾಳ? ಹಾರಿ?”

ಅಮಾತೆಪ್ಪ ಅದಕ್ಕೂ ಹೌದೆಂದ.

ಸುಮ್ಮನೆ ಎದ್ದು ನಡೆದುಬಿಡಬಹುದಿತ್ತಲ್ಲ ಎಂದು ನಾವು ಅನ್ನಬಹುದು. ಮೌನಮ್ಮ ಎದ್ದೂ ಇದ್ದಳು, ಎರಡು ಸಲ. ಎರಡು ಸಲವೂ ಬಾಗಿಲ ತನಕ ಹೋಗಿ ನಿಂತಳು. ತವರಲ್ಲಿ ತಾಯಿ ಇಲ್ಲದ ಅವಳಿಗೆ ಬಾಣಂತನ ಮಾಡಿದವಳು ಬಸ್ಸಮ್ಮ. ಎಣ್ಣೆ ನೀವಿ, ಬಿಸಿನೀರು ಹುಯ್ದು, ಸಜ್ಜಕ ಮಾಡಿ ಉಣ್ಣಿಸಿದ ಕೈ ಅದು. ಆ ಬಸ್ಸಮ್ಮನೇ ಒಂದು ಸಂಜೆ, ಬೆನ್ನಿಗೆ ಎಣ್ಣೆ ತಿಕ್ಕುತ್ತಾ, ಯಾರದೋ ಕತೆ ಹೇಳುವವಳಂತೆ ಹೇಳಿದ್ದಳು: “ನನ್ನ ಚೊಚ್ಚಲ ಕೂಸು ಹೆಣ್ಣೇ ಇತ್ತು. ಕುರಿ ದಡ್ಡಿ ಎದ್ದು ಹೊಂಟಿತ್ತು, ಗಂಗಿ ಪೂಜಿ ಮಾಡಲಾರದ ನಾನೂ ಕುರಿ ಹಿಂದ ನಡದೆ. ದಾರ್ಯಾಗೇ ಹೋತು. ಎಲ್ಲಿ ಮಣ್ಣು ಮಾಡಿದೆವು ಅಂತ ಈಗ ಗುರ್ತೂ ಸಿಗಂಗಿಲ್ಲ.”

ಒಂದು ಉದಾಹರಣೆಯಿಂದ ಏನೂ ಸಿದ್ಧವಾಗುವುದಿಲ್ಲ ಎಂಬುದು ಗಣಿತ ಕಲಿಯುವವರು ಮೊದಲ ವರ್ಷ ಕಲಿಯುವ ಪಾಠ. ಮಗಳನ್ನು ಕಳೆದುಕೊಂಡವಳ ಮುಂದೆ ಆ ಪಾಠ ಹೇಳಲು ಮೌನಮ್ಮನಿಗೆ ಬಾಯಿ ಬರಲಿಲ್ಲ. ಅಷ್ಟೇ ಆಗಿದ್ದರೆ ಸರಿ. ಅತ್ತೆಯ ಹೆದರಿಕೆ ಅವಳೊಳಗೂ ಇಳಿದಿತ್ತು. ನಂಬಿಕೆ ಇರಲಿಲ್ಲ, ಹೆದರಿಕೆ ಇತ್ತು. ಕೂಸು ಸೀನಿದರೂ ಎದ್ದು ಹಣೆ ಮುಟ್ಟಿ ನೋಡುತ್ತಿದ್ದಳು. ತನ್ನ ಮೇಲೆ ತನಗೇ ನಾಚಿಕೆಯಾಗಿ, ರಾತ್ರಿ ಗೋಡೆಯ ಕಡೆ ಮುಖ ಮಾಡಿ ಅತ್ತಳು.

“ಅಲ್ಲ, ಏನು ಬರದಿ ಅಷ್ಟು ವರ್ಸ?” ಬುಧವಾರ ಬೆಳಗ್ಗೆ ಅಂಬಲಿ ತಂದಿಟ್ಟು ಬಸ್ಸಮ್ಮ ಕೇಳಿದಳು. ಸೊಸೆಯ ಬಾಡಿದ ಮುಖ ನೋಡಿ ಸಮಾಧಾನಕ್ಕೆ ಕೇಳಿದ್ದು.

ಮೌನಮ್ಮ ಕುಂಡದ ಬೂದಿಯಲ್ಲಿ ಬೆರಳಿಟ್ಟು ನೆಲದ ಮೇಲೆ ಸೊಟ್ಟಸೊಟ್ಟಾಗಿ ಸುತ್ತುವ ಒಂದು ಗೆರೆ ಎಳೆದು, ಶುರುವಾದಲ್ಲಿಗೇ ತಂದು ಕೂಡಿಸಿದಳು. “ಹಿಂಗ ಗೆರಿ ಕೂಡಿದರ ಒಂದು ಒಳಗ ಆಗ್ತದ, ಒಂದು ಹೊರಗ ಆಗ್ತದಲ್ಲತ್ತಿ? ಕಣ್ಣಿಗಿ ಕಾಣ್ತದ ಖರೇ, ಸಾಧಿಸಿ ತೋರಸೂದು ಭಾಳ ಕಷ್ಟ. ಇದಕ್ಕಿಂತ ತೊಡಕಿನ ಗೆರಿ, ತೊಡಕಿನ ಜಾಗ ಇದ್ದರ ಏನಾಗ್ತದ ಅಂತ ನಾ ಬರದೀನಿ.”

ಬಸ್ಸಮ್ಮ ಬಗ್ಗಿ ನೋಡಿದಳು. “ಇದರಾಗೇನದ? ದಡ್ಡಿ ಬೇಲಿ ಹಾಕಿದರ ಒಳಗ್ಯಾವುದು ಹೊರಗ್ಯಾವುದು ಅಂತ ನಮ್ಮ ಕುರಿಗೂ ಗೊತ್ತದ. ಅದಕ್ಕೂ ಡಾಕ್ಟ್ರಿಕಿ ಕೊಡ್ತಾರೇನು?”

ಮೌನಮ್ಮ ನಕ್ಕಳು. ತಿಂಗಳಿನಲ್ಲಿ ಮೊದಲ ಸಲ ನಕ್ಕದ್ದು. ನಗುತ್ತಲೇ ಅಳು ಬಂತು, ಅಳು ನಿಲ್ಲಲಿಲ್ಲ. “ಈ ಸಲ ತಪ್ಪಿದರ ಮುಗೀತತ್ತಿ. ನಾ ಮತ್ತ ಹೋಗಂಗಿಲ್ಲ, ನಂಗ ಗೊತ್ತದ. ಇಲ್ಲೇ ಇರ್ತೀನಿ.”

ಅಂಗಳದಲ್ಲಿ ಬೀಜದ ಭತ್ತ ಕೇರುತ್ತಿದ್ದ ಮಲಕಮ್ಮ ಮೊರ ನಿಲ್ಲಿಸಿದ್ದಳು. ಊರ ಹೊರಗಿನ ದಲಿತ ಕೇರಿಯವಳು; ನಾಟಿಗೂ ಕೊಯ್ಲಿಗೂ ಈ ಮನೆಗೇ ಬರುವವಳು.

“ನಮ್ಮ ಬಾವಿ ಅದಲ್ರಿ,” ಎಂದಳು ಮಲಕಮ್ಮ, ಮೊರದ ಮೇಲಿನ ಕಣ್ಣು ತೆಗೆಯದೆ.

ಕೇರಿಯವರಿಗೆ ಕಾಲುವೆ ಹೊಲ ಕೊಟ್ಟಿರಲಿಲ್ಲ. ಹೊಲವಿಲ್ಲದವರು ಬಾವಿ ಮುಚ್ಚಿ ಏನು ಬೆಳೆಯಬೇಕು? ಊರಿನ ಬಾವಿಗಳೆಲ್ಲ ಭತ್ತದ ಮಡಿಯಾದಾಗ ಅವರ ಬಾವಿ ಮಾತ್ರ ಬಾಯಿ ತೆರೆದುಕೊಂಡೇ ಉಳಿದಿತ್ತು. ಇದು ಊರಿಗೆಲ್ಲ ಗೊತ್ತಿತ್ತು, ಬಸ್ಸಮ್ಮನಿಗೂ ಗೊತ್ತಿತ್ತು. ಗೊತ್ತಿದ್ದೂ ಯಾರ ಬಾಯಿಗೂ ಬಂದಿರಲಿಲ್ಲ.

ಬಸ್ಸಮ್ಮ ಅಂಬಲಿಯ ಬಟ್ಟಲು ತೆಗೆದಿಟ್ಟು, ದನಿ ತಗ್ಗಿಸಿ ಅಂದಳು: “ನಸುಕಿನ್ಯಾಗ ಬರ್ತೀವಿ. ಯಾರೂ ಏಳೂದರಾಗ.”

“ನಸುಕಿನ್ಯಾಗ ಯಾಕ್ರಿ, ಕಳ್ರು ಬಂದಂಗ? ಬಿಸಲು ಬಿದ್ದ ಮ್ಯಾಲ ಬರ್ರಿ, ದೊಡ್ಡ ಓಣಿ ಹಿಡದು.” ಮಲಕಮ್ಮನ ದನಿ ಏರಲಿಲ್ಲ. “ಇನ್ನೊಂದು ಮಾತು ಅದರಿ. ನಾವು ಬುದ್ಧನ ದಾರಿ ಹಿಡದೀವಿ, ಪೂಜಿಗೀಜಿ ನಿಮ್ಮ ಮನ್ಯಾಗ ಮಾಡ್ಕೋರ್ರಿ. ಬಾವ್ಯಾಗ ಮುಖ ನೋಡ್ರಿ, ಕೊಡ ತುಂಬ್ಕೋರ್ರಿ. ಮತ್ತ ಒಂದು ಬೊಗಸಿ ಕುಡದು ಹೋಗ್ರಿ. ಸೊಸಿ ಅಷ್ಟೇ ಅಲ್ರಿ, ನೀವೂ.”

ಅಂದು ಬಸ್ಸಮ್ಮ ಉಣ್ಣಲಿಲ್ಲ. ಸಂಜೆ ಸುದ್ದಿ ತಿಳಿದ ಖಂಡಪ್ಪ ಕಟ್ಟೆಯ ಮೇಲಿಂದಲೇ ಕೂಗಾಡಿದ. “ಆ ಕೇರಿ ನೀರು ಕುಡದು ಬಂದರ ನಾಳಿ ಊರಾಗ ನಾ ತಲಿ ಹ್ಯಾಂಗ ಎತ್ಲಿ? ಮಾನ ಅಂಬೂದು ಅದನೋ ಇಲ್ಲೋ?”

“ಬಾವಿ ಮುಚ್ಚಿದವ ನೀನು,” ಎಂದಳು ಬಸ್ಸಮ್ಮ. “ಬಾಯೂ ಮುಚ್ಚು.”

ಹಾಗಂದಳೇ ಹೊರತು ಹೋಗುವೆ ಎನ್ನಲಿಲ್ಲ. ಮೌನಮ್ಮ ರಾತ್ರಿಯಿಡೀ ಕಣ್ಣು ಮುಚ್ಚಲಿಲ್ಲ. ತನ್ನ ಆರು ವರ್ಷ ಈಗ ಒಬ್ಬ ಮುದುಕಿಯ ಒಂದು ಬೊಗಸೆಯಲ್ಲಿತ್ತು. ಅದರ ಬಗ್ಗೆ ತಾನು ಮಾಡಬಹುದಾದದ್ದು ಏನೂ ಇರಲಿಲ್ಲ.

ಗುರುವಾರ ಬೆಳಗ್ಗೆ ಬಸ್ಸಮ್ಮ ತಲೆಗೆ ನೀರು ಹಾಕಿಕೊಂಡು, ದೇವರ ಮುಂದೆ ಕೊಡ ಇಟ್ಟು ತಾನೇ ಅರಿಷಿಣ ಹಚ್ಚಿದಳು. ಸೊಸೆಯ ಕಿವಿಯ ಅರಳೆ ತೆಗೆದಳು. “ನಡಿ,” ಎಂದಳು.

ಹೊಸ್ತಿಲ ಆಚೆ ಬಿಸಿಲು ಕಣ್ಣಿಗೆ ಹೊಡೆದು ಮೌನಮ್ಮ ತಡವರಿಸಿದಳು. ದೊಡ್ಡ ಓಣಿಯಲ್ಲಿ ಚಹದಂಗಡಿಯ ಹಣಮಂತ್ರಾಯ ಕೆಟ್ಟ ಕುತೂಹಲದಿಂದ ಕೇಳಿದ: “ಎಲ್ಲಿಗ್ರಿ ಅತ್ತಿ ಸೊಸಿ ಸವಾರಿ?”

“ಗಂಗವ್ವ ಇದ್ದಲ್ಲಿಗಿ,” ಎಂದು ಬಸ್ಸಮ್ಮ ನಿಲ್ಲದೆ ನಡೆದಳು. ಬೆನ್ನ ಹಿಂದೆ ಅಂಗಡಿಯ ಮಾತು ನಿಂತುಹೋಯಿತು.

ಕೇರಿಯ ಹೆಂಗಸರು ಯಾರೂ ಕೆಲಸ ಬಿಟ್ಟು ಏಳಲಿಲ್ಲ. ಒಬ್ಬಳು ಪಾತ್ರೆ ತಿಕ್ಕುತ್ತಿದ್ದಳು, ಒಬ್ಬಳು ಮಗನ ತಲೆ ಬಾಚುತ್ತಿದ್ದಳು; ನೋಡುತ್ತಿದ್ದವರು ಮಾತ್ರ ಎಲ್ಲರೂ. ಮೌನಮ್ಮ ಬಾವಿಗೆ ಬಗ್ಗಿದಳು. ಆಳದಲ್ಲಿ ಒಂದು ಸಣ್ಣ ಆಕಾಶ, ಅದರ ನಡುವೆ ರುಮಾಲು ಕಟ್ಟಿದ ಯಾವಳೋ ಬಾಣಂತಿ. ತಾನೇ ಅದು ಎಂದು ಗುರುತಿಸಲು ತುಸು ಹೊತ್ತು ಬೇಕಾಯಿತು. ಸೇದಿದಳು, ಕೊಡ ತುಂಬಿಕೊಂಡಳು, ಬೊಗಸೆ ಒಡ್ಡಿ ಕುಡಿದಳು.

ಮಲಕಮ್ಮ ಚರಿಗೆ ಹಿಡಿದು ಬಸ್ಸಮ್ಮನ ಮುಂದೆ ನಿಂತಳು. ಬಸ್ಸಮ್ಮನ ಕೈಗಳು ಸೆರಗಿನೊಳಗಿಂದ ಹೊರಗೆ ಬರಲಿಲ್ಲ. ಅವಳ ಹಿತ್ತಲ ಬಾವಿ ಇದ್ದ ಕಾಲದಲ್ಲಿ ಇದೇ ಮಲಕಮ್ಮ ಬೇಲಿಯ ಆಚೆ ಕುಕ್ಕರುಗಾಲಲ್ಲಿ ಕೂತು, ಯಾರಾದರೂ ಎತ್ತರದಿಂದ ಹುಯ್ಯಲೆಂದು ಹೊತ್ತುಗಟ್ಟಲೆ ಕಾಯುತ್ತಿದ್ದಳು. ಇಬ್ಬರಿಗೂ ಅದು ನೆನಪಿತ್ತು. ಸುರಪುರದ ಕಡೆಯಿಂದ ಏರು ಹತ್ತುತ್ತಿದ್ದ ಬಸ್ಸಿನ ಹಾರ್ನ್ ದೂರದಿಂದ ಕೇಳಿಸಿತು. ಮೌನಮ್ಮ ಅತ್ತೆಯ ಮುಖ ನೋಡಲಾರದೆ ನೆಲ ನೋಡಿದಳು.

ಬಸ್ಸಮ್ಮ ಬೊಗಸೆ ಒಡ್ಡಿದಳು. ಮಲಕಮ್ಮ ಎತ್ತರಕ್ಕೆ ಎತ್ತಲಿಲ್ಲ. ಚರಿಗೆಯ ಕಂಠವನ್ನು ಅವಳ ಕೈಗೇ ತಾಗಿಸಿ ಹುಯ್ದಳು. ಬಸ್ಸಮ್ಮ ಕುಡಿದಳು. ಬಾಯಿ ಒರೆಸಿಕೊಂಡು, ಯಾರ ಮೇಲೋ ಸಿಟ್ಟು ಬಂದವಳಂತೆ, “ಸಿಹಿ ಅದ,” ಎಂದಳು. “ನಮ್ಮದು ಸವಳಿತ್ತು.”

ಮನೆಗೆ ಓಡಿಬಂದು ಮೌನಮ್ಮ ತೊಟ್ಟಿಲಿಗೆ ಕೈ ಹಾಕಿದಳು. ಬಸ್ಸಮ್ಮ ಆ ಕೈ ಹಿಡಿದಳು.

“ನೀ ಹೋಗು. ಕೂಸು ಬರಂಗಿಲ್ಲ.”

“ಎಳೇ ಕೂಸತ್ತಿ... ಹಾಲು...”

“ಆಡಿನ ಹಾಲು ಹನಿಸ್ತೀನಿ. ಐದು ತಿಂಗಳಾಗೂ ತನ ಕೂಸು ಊರ ಗಡಿ ದಾಟಬಾರದು. ನಿಂದು ಆತಲ್ಲ? ನಾ ನೀರು ಕುಡದೆನಲ್ಲ? ಇನ್ನ ಕೇಳಬ್ಯಾಡ.”

ಅಮಾತೆಪ್ಪ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ, ಬಸ್ಸು ಬಂತೆಂದ. ಅವಳು ಕೂಸಿನ ಪಾದ ಮುಟ್ಟಿ ಬಂದುಬಿಟ್ಟಳು.

ಮುಂದೆ ಅವಳು ಡಾಕ್ಟರ್ ಮೌನಮ್ಮನಾದಳು. ಆ ಸೀಮೆಯಿಂದ ಗಣಿತದಲ್ಲಿ ಅಷ್ಟು ಓದಿದ ಮೊದಲ ಹೆಣ್ಣು. ಅವಳು ಸಾಧಿಸಿದ ಒಂದು ಪ್ರಮೇಯವನ್ನು ಈಗಲೂ ಅವಳ ಹೆಸರಿನಿಂದಲೇ ಕರೆಯುತ್ತಾರೆ. ಅವಳ ಕೈಯಲ್ಲಿ ಕಲಿತ ಹುಡುಗಿಯರು ಯಾದಗಿರಿಯಿಂದ ದಿಲ್ಲಿಯ ತನಕ ಪಾಠ ಹೇಳುತ್ತಿದ್ದಾರೆ. ಅಭಿನಂದನಾ ಸಂಪುಟದಲ್ಲಿ ‘ಅನೇಕ ಅಡೆತಡೆಗಳನ್ನು ದಾಟಿ’ ಎಂದು ಒಂದು ಸಾಲಿದೆ. ಮಲಕಮ್ಮನ ಹೆಸರಾಗಲಿ, ಆ ವರ್ಷದಿಂದ ಊರಿನ ಯಾವ ಮದುವೆಯ ಸೋಬಾನಕ್ಕೂ ಯಾರೂ ಕರೆಯದ ಬಸ್ಸಮ್ಮನ ಹೆಸರಾಗಲಿ ಅದರಲ್ಲಿಲ್ಲ.

ಅಂದು ಬಸ್ಸು ಭೀಮೆಯ ಸೇತುವೆ ದಾಟುವ ಹೊತ್ತಿಗೆ ಮೌನಮ್ಮನ ಎದೆ ಬಿಗಿದು ನೋಯತೊಡಗಿತು. ಅದು ಕೂಸು ಏಳುವ ಹೊತ್ತು. ಯಾದಗಿರಿ ಬರುವುದರೊಳಗೆ ಕುಪ್ಪಸ ತೊಯ್ದು, ಸೆರಗಿನ ಮೇಲೂ ಹಾಲಿನ ಕಲೆ ಹರಡಿತು. ಪಕ್ಕದಲ್ಲಿ ಅಬ್ಬೆತುಮಕೂರಿಗೆ ಹೊರಟ ಒಬ್ಬ ಹೆಂಗಸು ಕೂತಿದ್ದಳು. ನೋಡಿದಳು.

“ಕೂಸು ಎಲ್ಲದವ್ವ?”

“ಮನ್ಯಾಗದ್ರಿ.”

ಹೆಂಗಸು ತನ್ನ ಸೆರಗಿನ ಒಂದು ತುದಿ ಬಿಚ್ಚಿ ಮೌನಮ್ಮನ ಎದೆಯ ಮೇಲೆ ಹೊದಿಸಿ, ಗಾಳಿಗೆ ಹಾರದಂತೆ ತಾನು ಇಳಿಯುವ ತನಕ ಕೈಯಿಂದ ಹಿಡಿದು ಕೂತಳು.