ಹೊತ್ತು ಮುಳುಗುವ ಮುನ್ನ

ಸಂಜೆಯ ಹೊತ್ತಿಗೆ ನಮ್ಮ ಬೀದಿಯಲ್ಲಿ ಒಬ್ಬ ಮನುಷ್ಯ, ಕೊರಳಲ್ಲಿ ಅಳತೆಪಟ್ಟಿ ನೇತಾಡುತ್ತಿರುವಂತೆಯೇ, ಪಶ್ಚಿಮದ ಆಕಾಶದ ಮೇಲೆ ಒಂದು ಕಣ್ಣಿಟ್ಟು, ನಡಿಗೆಗೂ ಓಟಕ್ಕೂ ನಡುವಿನ ಗತಿಯಲ್ಲಿ ಧಾವಿಸುತ್ತಿದ್ದರೆ, ಅಂದು ಯಾರೊಂದಿಗೋ ಅವರ ಜಗಳವಾಗಿದೆಯೆಂದು ಎಲ್ಲರಿಗೂ ತಿಳಿಯುತ್ತಿತ್ತು. ಅವರು ನನ್ನ ಚಿಕ್ಕಮಾವ, ತಾಯಿಯ ಕಿರಿಯ ತಮ್ಮ, ವೃತ್ತಿಯಲ್ಲಿ ದರ್ಜಿ. ಕೋಪಕ್ಕೆ ಅವರ ಮೂಗಿನ ತುದಿಯಲ್ಲೇ ಕಾಯಂ ವಾಸ. ಆದರೆ ಸೂರ್ಯಾಸ್ತಕ್ಕೆ ಮೊದಲು ಸಿಟ್ಟು ತೀರಬೇಕೆಂಬ ಸತ್ಯವೇದದ ಉಪದೇಶಕ್ಕೆ ಉಳಿದ ಸಭೆಯೆಲ್ಲ ಭಾನುವಾರ ತಲೆಯಾಡಿಸಿ ಮನೆಗೆ ಹೋದರೆ, ಇವರು ಅದನ್ನು ವಾರವಿಡೀ ಅಕ್ಷರಶಃ ಪಾಲಿಸುತ್ತಿದ್ದರು.

ಕ್ಷಮೆ ಕೇಳುವುದರಲ್ಲೂ ದರ್ಪವೇ. "ಹೊತ್ತು ಹೋಗ್ತಾ ಇದೆ, ಬೇಗ ಕ್ಷಮಿಸಿಬಿಡಿ ಅಂದ್ರೆ!" ಎಂದು ಗದರುತ್ತಿದ್ದರು. ಎದುರಂಗಡಿಯ ಇಸ್ತ್ರಿಯವನು ಬೇಕೆಂದೇ ನಿಧಾನವಾಗಿ ಚಹಾ ಹೀರುತ್ತ ಸತಾಯಿಸಿ, ಅದರಿಂದಲೇ ಇನ್ನೊಂದು ಜಗಳ ಹುಟ್ಟಿ, ಎರಡನೆಯ ಕ್ಷಮೆಗೆ ಹೊತ್ತು ಸಾಲದೆ ಇವರು ಒದ್ದಾಡಿದ್ದೂ ಉಂಟು. ಮೋಡ ಕವಿದ ದಿನಗಳಲ್ಲಿ ಸೂರ್ಯನನ್ನು ನಂಬುವಂತಿಲ್ಲವೆಂದು ಮಧ್ಯಾಹ್ನದ ಊಟ ಮುಗಿಯುತ್ತಲೇ ಹೊರಟುಬಿಡುತ್ತಿದ್ದರು.

ಅಂಗಡಿ ಅಣ್ಣತಮ್ಮಂದಿರದು. ಬಟ್ಟೆ ಕತ್ತರಿಸುವವರು ದೊಡ್ಡಮಾವ, ಹೊಲಿಯುವವರು ಇವರು. ಪಾದ್ರಿಗಳ ಹೊಸ ನಿಲುವಂಗಿಯ ಒಂದು ತೋಳು ಎರಡು ಬೆರಳು ಗಿಡ್ಡವಾದ ದಿನ ಚಿಕ್ಕಮಾವ ಗಿರಾಕಿಗಳ ಎದುರೇ ಕಿರುಚಿದರು: "ಕಣ್ಣು ಕಾಣಲ್ಲ ಅಂತ ಒಪ್ಪಿಕೊಳ್ಳೋಕೆ ಏನಣ್ಣ ನಿನಗೆ?"

ದೊಡ್ಡಮಾವ ಕತ್ತರಿಯನ್ನು ಮೇಜಿನ ಮೇಲಿಟ್ಟು, ಎರಡು ಮನೆ ಆಚೆಗಿದ್ದ ತಮ್ಮ ಮನೆಗೆ ನಡೆದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದರಲ್ಲೂ ಆಡಿದ ಮಾತು ನಿಜವಾಗಿತ್ತು. ಸುಳ್ಳಾಗಿದ್ದರೆ ಕ್ಷಮಿಸುವುದು ಎಷ್ಟೋ ಸುಲಭವಿತ್ತು.

ಅಂದಿನಿಂದ ಪ್ರತಿ ಸಂಜೆ ಚಿಕ್ಕಮಾವ ಅಣ್ಣನ ಬಾಗಿಲು ತಟ್ಟಿದರು. ಒಳಗಿನಿಂದ ಒಂದೇ ಉತ್ತರ: "ನಾಳೆ ಬಾ."

"ನಿಮ್ಮ ಕೋಪ ಇಳಿದಾಯ್ತಲ್ಲ ಮಾವ, ಇನ್ನೂ ಯಾಕೆ ಹೋಗ್ತೀರಿ?" ಎಂದು ಒಮ್ಮೆ ಕೇಳಿದೆ.

"ನಂದು ಇಳೀತು ಕಣೋ. ನಾನು ಅವನ ಎದೇಲಿ ಹಚ್ಚಿದ್ದು ಇನ್ನೂ ಉರೀತಾ ಇದೆ. ಅದನ್ನ ಹಾಗೇ ಬಿಟ್ಟು ಬಂದು ಪ್ರಾರ್ಥನೆಗೆ ಹೇಗೆ ಮಂಡಿ ಊರಲಿ?"



ಮಳೆಗಾಲ ಕಳೆದು ಚಳಿ ಬಂದಾಗ ಚಿಕ್ಕಮಾವ ಜ್ವರದಿಂದ ಹಾಸಿಗೆ ಹಿಡಿದರು. ನೋಡಿಬರಲು ನಾನು ಹೋದ ಸಂಜೆ ಅವರು "ಅಣ್ಣ ಬಾ ಅಂದಿದಾನೆ" ಎಂದು ಮತ್ತೆ ಮತ್ತೆ ಏಳಲು ಹವಣಿಸುತ್ತಿದ್ದರು, ಅತ್ತೆ ಹಿಡಿದು ಮಲಗಿಸುತ್ತಿದ್ದರು. ಕೊನೆಗೆ ಹೊರಗೆ ಕತ್ತಲಾಯಿತು. ಅತ್ತೆ ದೀಪ ಹಾಕಿದರು. ಚಿಕ್ಕಮಾವ ಗೋಡೆಯ ಕಡೆ ಮುಖ ತಿರುಗಿಸಿ ಮಗುವಿನಂತೆ ಅತ್ತರು.

ಆಗ ಯಾರೋ ಗೋಡೆ ಸವರುತ್ತ ಮೆಟ್ಟಿಲು ಹತ್ತುವ ಸದ್ದಾಯಿತು. ದೊಡ್ಡಮಾವ ಬಾಗಿಲಲ್ಲಿ ನಿಂತು, ಮಂಚ ಯಾವ ಕಡೆಗಿದೆಯೆಂದು ತಿಳಿಯದೆ, ನಮ್ಮೆಲ್ಲರ ನಡುವೆ ಎಲ್ಲೋ ನೋಡುತ್ತ ಕೇಳಿದರು: "ಇವತ್ತು ಯಾಕೋ ಬರಲಿಲ್ಲ? ಹೊತ್ತು ಮುಳುಗಿತೇನೋ? ನನಗೆ ಕಾಣಲ್ಲ ಕಣೋ."

ಸುಳ್ಳಾಡುವವರನ್ನು ಕಂಡರೆ ಉರಿದುಬೀಳುತ್ತಿದ್ದ ಚಿಕ್ಕಮಾವ ಕಿಟಕಿಯಾಚೆಯ ಕತ್ತಲನ್ನೊಮ್ಮೆ ನೋಡಿದರು.

"ಇನ್ನೂ ಮುಳುಗಿಲ್ಲ ಅಣ್ಣ. ಒಳಗೆ ಬಾ."

ಹುಟ್ಟಿನಿಂದಲೇ ಶಾಂತಸ್ವಭಾವದವರು ಧರ್ಮಿಷ್ಠರಾಗುವುದರಲ್ಲಿ ಏನು ಹೆಚ್ಚುಗಾರಿಕೆಯೋ ನಾನರಿಯೆ. ನನಗೆ ಪ್ರಿಯರು ಈ ಮುಂಗೋಪದ ಭಕ್ತರು. ದಿನವೂ ಎಡವುವವರು, ದಿನವೂ ಇನ್ನೊಬ್ಬರ ಹೊಸ್ತಿಲಲ್ಲಿ ನಿಂತು ಬೇಡುವವರು. ಇಂಥವರಿಗಾಗಿ ದೇವರು ಸೂರ್ಯನನ್ನು ತುಸು ಹೊತ್ತು ತಡೆದು ನಿಲ್ಲಿಸಿದರೂ ನನಗೆ ಆಶ್ಚರ್ಯವಿಲ್ಲ.