ತಲೆ ಎಣಿಸಿದ ವಾರ

ಆ ಊರಿನ ರೈಲಿನ ಚರಿತ್ರೆ ಬೇಕೆಂದವರಿಗೆ ಜನ ಟಿಕೆಟ್ಟಣ್ಣನ ಮನೆ ತೋರಿಸುತ್ತಿದ್ದರು. ಮೂವತ್ತೈದು ವರ್ಷ ನಿಲ್ದಾಣದ ಟಿಕೆಟ್ ಕಿಟಕಿಯ ಹಿಂದೆ ಕೂತು ನಿವೃತ್ತನಾದವನು. ಹಳಿ ಯಾವ ವರ್ಷ ಬಂತು, ಉಗಿಬಂಡಿ ಯಾವತ್ತು ಹೋಯಿತು, ಕರೆಂಟಿನ ಗಾಡಿಯನ್ನು ಮೊದಲ ದಿನ ಓಡಿಸಿದ ಚಾಲಕ ನಿಲ್ದಾಣ ದಾಟಿ ಎಷ್ಟು ದೂರ ಹೋಗಿ ನಿಲ್ಲಿಸಿದ, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿತ್ತು. ಕೇಳದಿದ್ದರೂ ಹೇಳುತ್ತಾನೆ ಎಂಬುದು ಹೆಂಡತಿಯ ದೂರು. ನಿಲ್ದಾಣಕ್ಕೆ ನೂರು ವರ್ಷ ತುಂಬಿದಾಗ ಪ್ರಯಾಣಿಕರ ಸಂಘದವರು ಚರಿತ್ರೆ ಬರೆಯುವ ಕೆಲಸವನ್ನು ಅವನ ತಲೆಗೇ ಕಟ್ಟಿದರು.

ನಲವತ್ತು ಪುಟ ಬರೆದ. ಮೂವತ್ತೊಂಬತ್ತು ಪುಟ ಸಲೀಸಾಗಿ ಬಂದವು. ಉಳಿದ ಒಂದರಲ್ಲಿ ಒಂದೂವರೆ ಮೈಲಿ ಆಚೆ, ಕಡಲಿಗೆ ಅಂಟಿಕೊಂಡಂತೆ ಇದ್ದ ದಂಡೆ ನಿಲ್ದಾಣದ ಮಾತು ಬರಬೇಕಿತ್ತು. ಅಲ್ಲಿ ಒಂದೇ ಸಾಲು ಬರೆದ: 'ಪ್ರಯಾಣಿಕರ ಕೊರತೆಯಿಂದಾಗಿ ಈ ನಿಲ್ದಾಣವನ್ನು ಮುಚ್ಚಲಾಯಿತು.' ಬರೆದವನೇ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದ. ಮುಖ ತೊಳೆದರೆ ಹೋಗುವಂಥದ್ದಾಗಿದ್ದರೆ ಅದು ಎಂದೋ ಹೋಗಬೇಕಿತ್ತು.

ನಡೆದದ್ದು ಇಷ್ಟು. ಅವನು ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು, ಮದುವೆಯಾಗಿ ಮೂರು ತಿಂಗಳು. ದೊಡ್ಡ ಕಚೇರಿಯಿಂದ ಒಂದು ಕಾಗದ ಬಂತು. ಇಷ್ಟು ಹತ್ತಿರ ಎರಡು ನಿಲ್ದಾಣ ಬೇಕಿಲ್ಲ. ಆರು ದಿನ ಎರಡೂ ಕಡೆ ತಲೆ ಎಣಿಸುತ್ತೇವೆ. ಕಡಿಮೆ ಬಂದದ್ದನ್ನು ಮುಚ್ಚುತ್ತೇವೆ. ಸ್ಟೇಷನ್ ಮಾಸ್ತರರು ರಜೆಯಲ್ಲಿದ್ದರು, ಕಾಗದ ಒಡೆದವನು ಇವನು. ಹೊಸ ಸಂಸಾರ, ನಿಲ್ದಾಣದ ಹಿಂದಿನ ಎರಡು ಕೋಣೆಯ ಮನೆ, ಎಲ್ಲ ಕೈಬಿಟ್ಟು ಹೋದಂತೆ ಕಂಡಿತು. ಅಂದೇ ಸಂಜೆ ದಂಡೆ ನಿಲ್ದಾಣದ ಪಕ್ಕದ ದಂಡೆಬೀದಿಯಲ್ಲಿದ್ದ ಅಕ್ಕನ ಮನೆಗೆ ಓಡಿದ. "ಅಕ್ಕಾ, ಸೋಮವಾರದಿಂದ ನಮ್ಮ ಸ್ಟೇಷನ್ನಲ್ಲಿ ತಲೆ ಎಣಿಸ್ತಾರೆ. ಜನ ಕಮ್ಮಿಯಾದ್ರೆ ನನ್ನ ಕೆಲಸ ಹೋಗುತ್ತೆ. ಒಂದು ವಾರ ನಿಮ್ಮ ಬೀದಿಯವರೆಲ್ಲ ನಮ್ಮಲ್ಲಿಗೇ ಬಂದು ಗಾಡಿ ಹತ್ತಿ" ಎಂದ. ದಂಡೆಯಲ್ಲೂ ಎಣಿಸುತ್ತಾರೆ ಎಂಬುದನ್ನು ನುಂಗಿಕೊಂಡ.

ಅಕ್ಕ ಪೇಟೆಯಲ್ಲಿ ಮೀನು ಮಾರಿ ಅವನನ್ನು ಓದಿಸಿದವಳು. ತಮ್ಮನ ಕೆಲಸ ಎಂದರೆ ಕೇಳಬೇಕೆ. ಮನೆಮನೆಗೆ ಹೋಗಿ ಕೈಹಿಡಿದು ಕರೆದಳು. ಆರು ದಿನ ಇಡೀ ದಂಡೆಬೀದಿ ಬುಟ್ಟಿ, ಚೀಲ, ಕೂಸು ಸಮೇತ ಒಂದೂವರೆ ಮೈಲಿ ನಡೆದು ಬಂದು ಇವನ ಕಿಟಕಿಯ ಮುಂದೆ ಸಾಲು ನಿಂತಿತು. ಅಲ್ಲಿ ದಂಡೆ ನಿಲ್ದಾಣದಲ್ಲಿ ಎಣಿಕೆಯವನು ಬೆಂಚಿನ ಮೇಲೆ ಕೊಡೆ ಬಿಚ್ಚಿಕೊಂಡು ಕೂತು, ಒಂದು ನಾಯಿಯನ್ನೂ ಬಿಡದೆ ಎಣಿಸಿದ್ದರೂ ಲೆಕ್ಕ ಎರಡಂಕಿ ಮುಟ್ಟುತ್ತಿರಲಿಲ್ಲ. ಎರಡು ತಿಂಗಳಿಗೆ ದಂಡೆಯಲ್ಲಿ ಗಾಡಿ ನಿಲ್ಲುವುದು ನಿಂತಿತು.

ಆಮೇಲೆ ಹತ್ತೊಂಬತ್ತು ವರ್ಷ, ಅಕ್ಕನ ಮೊಣಕಾಲು ಕೈಕೊಡುವ ತನಕ, ಅವಳು ದಿನಾ ಬೆಳಿಗ್ಗೆ ಬುಟ್ಟಿ ಹೊತ್ತು ಹಳಿಯ ಪಕ್ಕದ ದಾರಿಯಲ್ಲಿ ನಡೆದು ಬಂದು ಕಿಟಕಿಯೊಳಗೆ ಕೈ ಚಾಚುತ್ತಿದ್ದಳು. ಇವನು ರಟ್ಟಿನ ಟಿಕೆಟ್ಟಿಗೆ ತಾರೀಖು ಒತ್ತಿ ಆ ಕೈಗಿಡುತ್ತಿದ್ದ. ಮಳೆಗಾಲದಲ್ಲಿ ಕೈ ಒದ್ದೆಯಾಗಿರುತ್ತಿತ್ತು. ಕತ್ತೆತ್ತಿ ಮುಖ ನೋಡಿದ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ತಮ್ಮನಿಗೆ ಕೆಲಸದ ಮೇಲೆ ಎಷ್ಟು ಗಮನ ಎಂದು ಅಕ್ಕ ಹೊಗಳಿಕೊಂಡು ತಿರುಗುತ್ತಿದ್ದಳಂತೆ. ಅದು ಕಿವಿಗೆ ಬಿದ್ದ ದಿನ ಅವನಿಗೆ ಊಟ ಸೇರಿರಲಿಲ್ಲ.

ಈಗ ಸಂಘದ ಅಧ್ಯಕ್ಷರಿಗೆ ಪುಸ್ತಕಕ್ಕೆ ದಂಡೆ ನಿಲ್ದಾಣದ ಫೋಟೋ ಬೇಕಿತ್ತು. ಇದ್ದದ್ದು ಒಂದೇ, ಅಕ್ಕನ ಮನೆಯ ಗೋಡೆಯಲ್ಲಿ. ಮುದ್ರಣದವರು ಸಂಜೆಯೊಳಗೆ ಕೊಡಬೇಕೆಂದಿದ್ದರಿಂದ, ಅಚ್ಚಿನ ಕರಡು ಹಾಳೆಗಳನ್ನು ಚೀಲದಲ್ಲಿ ಹಾಕಿಕೊಂಡು ಬೆಳಿಗ್ಗೆಯೇ ಹೊರಟ. ಅಕ್ಕ ಏನಾದರೂ ಕೇಳಿದರೆ ಎಂಬ ಹೆದರಿಕೆ ದಾರಿಯುದ್ದಕ್ಕೂ ಬೆನ್ನಿಗಿತ್ತು. ಉಸಿರಿರುವಷ್ಟು ದಿನ ಅವಳಿಗೆ ಗೊತ್ತಾಗಬಾರದು, ಅಷ್ಟೇ ಅವನಿಗೆ ಬೇಕಾಗಿದ್ದದ್ದು.

ಅಕ್ಕ ಹೊಸ್ತಿಲ ಬಳಿ ಮಣೆಯ ಮೇಲೆ ಕೂತು ಹರಿದ ಬಲೆಗೆ ಗಂಟು ಹಾಕುತ್ತಿದ್ದಳು. ಎಂಬತ್ತು ದಾಟಿತ್ತು. ಕಣ್ಣು ಮಂಜಾಗಿದ್ದರೂ ಬೆರಳಿಗೆ ದಾರಿ ಗೊತ್ತಿತ್ತು.

"ಫೋಟೋ ತಗೊಂಡು ಹೋಗು, ಬೇಡ ಅನ್ನಲ್ಲ. ನಮ್ಮ ಸ್ಟೇಷನ್ ಬಗ್ಗೆ ಏನು ಬರ್ದಿದೀಯ, ಓದು."

"ಎಲ್ಲ ಗೊತ್ತಿರೋದೇ ಅಕ್ಕ."

"ಗೊತ್ತಿರೋದನ್ನೇ ಓದು."

ಓದಿದ. ಒಂದು ಸಾಲು ಓದುವುದಕ್ಕೆ ಎಷ್ಟು ಹೊತ್ತು. ಅಕ್ಕನ ಬೆರಳು ನಿಂತಿತು.

"ಇದು ಸುಳ್ಳು."

ಗೊತ್ತಾಗಿಯೇ ಹೋಯಿತು ಎಂದುಕೊಂಡ.

"ಜನ ಕಮ್ಮಿ ಇರ್ಲಿಲ್ಲ ಕಣೋ. ನಾನು ನಿಮ್ಮಲ್ಲಿಗೆ ಕರ್ಕೊಂಡು ಹೋಗಿ ಕಮ್ಮಿ ಮಾಡ್ದೆ. ನನ್ನ ಹೆಸ್ರು ಹಾಕಿ ಬರಿ. ಈ ಬೀದಿಗೆ ಬೆಂಕಿ ಇಟ್ಟೋಳು ನಾನು."

"ಬಿಡಕ್ಕ. ಹಳೇ ಕತೆ."

"ನಿಂಗೆ ಹಳೇದು. ಪಕ್ಕದ ಮನೆ ತಂಗಿ ಸ್ಟೇಷನ್ ಮುಚ್ಚಿದ ದಿನದಿಂದ ನನ್ನ ಹೊಸ್ತಿಲು ತುಳಿದಿಲ್ಲ. ಅವಳ ಮಗಳಿಗೆ ಕಾಲೇಜು ಅಲ್ಲಿಗೇ ನಿಂತೋಯ್ತು, ಅಷ್ಟು ದೂರ ಒಂಟಿಯಾಗಿ ಹ್ಯಾಗೆ ಕಳಿಸ್ತಾರೆ. ನಾನು ಒಂದೊಂದು ಮನೆಗೂ ಹೋಗಿ ತಪ್ಪಾಯ್ತು ಅಂದೆ. ಯಾರು ಹೇಳ್ಕೊಟ್ಟಿದ್ದು ಅಂತ ಕೇಳಿದ್ರು. ನನ್ನದೇ ಬುದ್ಧಿ ಅಂದೆ."

"ನನ್ನ ಹೆಸರು ಹೇಳಬಹುದಿತ್ತಲ್ಲ."

"ನಿನ್ನನ್ನ ಯಾಕೆ ಎಳೀಲಿ. ಇಲ್ಲೂ ಎಣಿಸ್ತಾರೆ ಅಂತ ಪಾಪ ನಿಂಗೇನು ಗೊತ್ತಿತ್ತು."

ಇಲ್ಲಿಗೆ ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಫೋಟೋ ಇಳಿಸಿಕೊಂಡು, ಧೂಳು ಒರೆಸಿಕೊಂಡು, ಮಧ್ಯಾಹ್ನದ ಗಾಡಿಗೆ ಪೇಟೆಗೆ ಹೋಗಬಹುದಿತ್ತು. ಅಷ್ಟು ವರ್ಷ ಸುಮ್ಮನಿದ್ದವನಿಗೆ ಇನ್ನೊಂದು ದಿನ ಹೆಚ್ಚಲ್ಲ. ಆದರೆ ಆ 'ಪಾಪ' ಎಂಬ ಮಾತು ಅವನನ್ನು ಕೊಂದುಹಾಕಿತು. ಕೈಯಲ್ಲಿದ್ದ ಹಾಳೆಯನ್ನು ಕೆಳಗಿಟ್ಟ.

"ನಂಗೆ ಗೊತ್ತಿತ್ತು, ಅಕ್ಕ."

ಅಕ್ಕ ಕಿವಿಯನ್ನು ಅವನ ಕಡೆ ತಿರುಗಿಸಿದಳು. "ಏನು ಗೊತ್ತಿತ್ತು?"

"ಕಾಗದ ಬಂದಿತ್ತು. ಎರಡೂ ಕಡೆ ಎಣಿಸ್ತಾರೆ, ಕಮ್ಮಿ ಬಂದದ್ದನ್ನ ಮುಚ್ತಾರೆ ಅಂತ ಬರೆದಿತ್ತು."

"ನನ್ನನ್ನ ಕರೆಯೋಕೆ ಬಂದ್ಯಲ್ಲ, ಅದಕ್ಕೆ ಮುಂಚೆ ಬಂದಿತ್ತಾ, ಆಮೇಲಾ?"

"ಮುಂಚೆ."

ಅಕ್ಕ ಬಲೆಯ ಸೂಜಿಯನ್ನು ನೆಲದ ಮೇಲಿಟ್ಟು, ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡಳು. ಅವನು ಆ ಕೈಗಳನ್ನೇ ನೋಡುವಂತಾಯಿತು.

"ಮಳೇಲಿ ಬುಟ್ಟಿ ಹೊತ್ತು ನೆಂದು ಬಂದು ಟಿಕೆಟ್ ಕೇಳ್ತಿದ್ನಲ್ಲ, ಆವಾಗ ಇದು ನೆನಪಿರ್ತಿತ್ತಾ ನಿಂಗೆ?"

"ದಿನಾ."

"ಸರಿ" ಎಂದಳು. ಗೋಡೆ ಹಿಡಿದು ಎದ್ದಳು. ಅವನು ತೋಳು ಕೊಡಲು ಹೋದರೆ ಕೊಸರಿಕೊಂಡಳು. ಬಾಗಿಲಾಚೆ ಹೋಗಿ ಪಕ್ಕದ ಮನೆಯ ಕಡೆ ಮುಖ ಮಾಡಿ ಕೂಗಿದಳು. "ತಂಗೀ, ಇಲ್ಲಿ ಬಾ. ನನ್ನ ತಮ್ಮ ನಿಂಗೇನೋ ಹೇಳ್ಬೇಕಂತೆ."

ಪಕ್ಕದ ಮನೆಯವಳು ಅಂಗಳದ ತನಕ ಬಂದಳು. ಒಳಗೆ ಕಾಲಿಡಲಿಲ್ಲ. ಹಿಂದೆ ಅವಳ ಮಗಳು, ಕೂದಲು ನೆರೆತ ಹೆಂಗಸು, ಕಾಲೇಜು ಬಿಟ್ಟವಳು, ಕೈ ಒರೆಸಿಕೊಳ್ಳುತ್ತ ನಿಂತಳು. ಟಿಕೆಟ್ಟಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. "ತಪ್ಪು ಅಕ್ಕನದಲ್ಲ, ನನ್ನದು" ಎಂದು ಶುರುಮಾಡಿದ. ಕಾಗದದ ತನಕ ಬರುವಷ್ಟರಲ್ಲಿ ಆ ತಾಯಿ ಕೈ ಅಡ್ಡ ಹಿಡಿದಳು.

"ಇರಿ. ಎಲ್ರೂ ಬರ್ಲಿ."

ಬಂದರು. ಎದುರು ಮನೆಯವರು, ಕೊನೆ ಮನೆಯವರು, ಅಂದು ಸೊಂಟದ ಮೇಲೆ ಕೂಸಾಗಿ ಬಂದು ಈಗ ದೋಣಿಯ ಯಜಮಾನನಾದವನು. ಒಟ್ಟಿಗೆ ಬರಲಿಲ್ಲ, ಒಬ್ಬೊಬ್ಬರಾಗಿ ಬಂದರು. ಹೊಸದಾಗಿ ಒಬ್ಬರು ಬಂದಾಗಲೆಲ್ಲ ಅಕ್ಕ, ಅವನ ಮುಖ ನೋಡದೆ, "ಮೊದ್ಲಿಂದ ಹೇಳು" ಎಂದಳು.

ಅವನು ಪ್ರತಿ ಸಲವೂ ಮೊದಲಿನಿಂದ ಹೇಳಿದ.